ಹ್ಯಾಮ್ ರೇಡಿಯೋ ಮೇಜಿಗೆ ಹಿತವಾದ ಕೀಬೋರ್ಡ್ ಆರಿಸುವುದು ಹೇಗೆ

ಕೀಬೋರ್ಡ್ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಎರಡು ತರದ ಜನರಿಗಾಗಿ ಬರೆದವು: ದಿನವಿಡೀ ಟೈಪ್ ಮಾಡುವವರು, ಇಲ್ಲವೇ ಗೇಮ್ ಆಡುವವರು. ಹವ್ಯಾಸಕ್ಕಾಗಿ ರೇಡಿಯೋ ಸಂಪರ್ಕ ನಡೆಸುವ ಹ್ಯಾಮ್ ಆಪರೇಟರ್ ಕೈಗೆ ಬೇರೆಯದೇ ಕೆಲಸ. ಹತ್ತು ನಿಮಿಷ ಸುಮ್ನೆ ಕಿವಿಗೊಟ್ಟು ಕೂತಿರುತ್ತೇವೆ. ಆಮೇಲೆ ಒಂದೇ ಉಸಿರಿಗೆ ಐದಾರು ಅಕ್ಷರದ ಕಾಲ್‌ಸೈನ್ (ಸ್ಟೇಷನ್ನಿನ ಗುರುತು), ಒಂದು ಎಂಟರ್, ಸಿಗ್ನಲ್ ರಿಪೋರ್ಟ್‌ನ ಅಂಕಿಗಳು, ಇನ್ನೊಂದು ಎಂಟರ್. ಮತ್ತೆ ಕಾಯುವುದು. ಕಣ್ಣು ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಪರದೆ) ಮೇಲೆ, ಒಂದು ಕೈ ಟ್ಯೂನಿಂಗ್ ನಾಬ್ ಮೇಲೆ. ಸಾಲದ್ದಕ್ಕೆ, ಕೀಬೋರ್ಡಿನ ವೈರಿನ ಪಕ್ಕದಲ್ಲೇ ನೂರು ವಾಟ್ ಆರ್‌ಎಫ್, ಅಂದರೆ ರೇಡಿಯೋ ಅಲೆಯ ಶಕ್ತಿ, ಓಡಾಡುತ್ತಿರುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಅಕ್ಷರದ ಕೀಗಳ ಮೃದುತ್ವಕ್ಕೆ ಮರುಳಾಗುವ ಮೊದಲು ಕೀಬೋರ್ಡಿನ ಅಂಚುಗಳನ್ನು ನೋಡಿ. ಮೇಲಿನ ಸಾಲು, ಎರಡು ಮೂಲೆ, ಬಲಗಡೆಯ ಕೀಗಳು, ಹಿಂದಿನ ವೈರು. ನಮ್ಮ ಕೆಲಸ ಹೆಚ್ಚು ನಡೆಯುವುದು ಅಲ್ಲೇ.

ಹಂತ 1: ನಿಮ್ಮ ಬೆರಳು ಎಲ್ಲಿ ಓಡಾಡುತ್ತದೆ ಅಂತ ಗಮನಿಸಿ

ಎಲ್ಲ ಮೋಡ್‌ಗೂ (ಸಂದೇಶ ಕಳಿಸುವ ವಿಧಾನಕ್ಕೂ) ಒಂದೇ ಕೀಬೋರ್ಡ್ ಅಭ್ಯಾಸ ಇರುವುದಿಲ್ಲ. ಎಫ್‌ಟಿ8 ಎಂಬ ಡಿಜಿಟಲ್ ಮೋಡ್ ಮಾತ್ರ ಮಾಡುವವರಿಗೆ ಕೀಬೋರ್ಡ್‌ಗಿಂತ ಮೌಸ್ ಮುಖ್ಯ. 15 ಸೆಕೆಂಡಿನ ಸರದಿಯಲ್ಲಿ ಸಾಫ್ಟ್‌ವೇರೇ ಮೆಸೇಜ್ ಕಳಿಸುತ್ತದೆ, ನೀವು ಕಾಲ್‌ಸೈನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು. ಇದಕ್ಕೆ ಬಳಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಸಾಫ್ಟ್‌ವೇರ್‌ನಲ್ಲಿ ಟ್ರಾನ್ಸ್‌ಮಿಟ್ ನಿಲ್ಲಿಸಲು ಎಸ್ಕೇಪ್, ಕಾಲ್‌ಸೈನ್ ಅಳಿಸಲು ಎಫ್4, ಇಷ್ಟು ಕೈಗೆ ಸಿಕ್ಕರೆ ಮುಗಿಯಿತು. ಇಂಥವರು ಕೀಬೋರ್ಡಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಚಿಕ್ಕದೊಂದು ತಂದು, ಒಳ್ಳೆ ಮೌಸ್ ಹುಡುಕಿ.

ಆರ್‌ಟಿಟಿವೈ ಅಥವಾ ಪಿಎಸ್‌ಕೆ31ನಂಥ, ಟೈಪ್ ಮಾಡಿದ್ದನ್ನೇ ಕಳಿಸುವ ಮೋಡ್‌ಗಳಲ್ಲಿ ಹರಟೆ ಹೊಡೆಯುವವರಿಗೆ ನಿಜವಾದ ಟೈಪಿಂಗ್ ಕೀಬೋರ್ಡ್ ಬೇಕು. 45.45 ಬಾಡ್ ಆರ್‌ಟಿಟಿವೈ ನಿಮಿಷಕ್ಕೆ ಸುಮಾರು 60 ಪದ ಸಾಗಿಸುತ್ತದೆ, ಪಿಎಸ್‌ಕೆ31 ಸುಮಾರು 50. ನಮ್ಮಲ್ಲಿ ಬಹಳಷ್ಟು ಜನ ಅಷ್ಟು ವೇಗವಾಗಿ ಟೈಪ್ ಮಾಡುವುದಿಲ್ಲ. ಅಂದರೆ ಅಡ್ಡಿ ಇರುವುದು ಬೆರಳಿನಲ್ಲಿ, ಮೋಡ್‌ನಲ್ಲಲ್ಲ. ಇಲ್ಲಿ ಹಿತವಾದ ಅಕ್ಷರದ ಕೀಗಳಿಗೆ ಬೆಲೆ ಇದೆ. ಕೆಲವು ರೇಡಿಯೋಗಳಿಗೆ, ಉದಾಹರಣೆಗೆ ಐಕಾಮ್ ಐಸಿ-7610ಕ್ಕೆ, ಕಂಪ್ಯೂಟರ್ ಇಲ್ಲದೆ ನೇರವಾಗಿ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಯೇ ಈ ಮೋಡ್‌ಗಳನ್ನು ನಡೆಸಬಹುದು. ಆಗ ತಂತಿ ಇರುವ, ವಿಶೇಷ ಸಾಫ್ಟ್‌ವೇರ್ ಬೇಡದ ಸಾದಾ ಕೀಬೋರ್ಡೇ ಒಳ್ಳೆಯದು.

ಮೂರನೆಯವರು ಕಾಂಟೆಸ್ಟ್ (ಹೆಚ್ಚು ಸ್ಟೇಷನ್ ಸಂಪರ್ಕಿಸುವ ಸ್ಪರ್ಧೆ) ಮತ್ತು ಡಿಎಕ್ಸ್ (ದೂರದ ಸ್ಟೇಷನ್ ಹುಡುಕುವ) ಮಂದಿ. ಈ ಲೇಖನದ ಬಹುಪಾಲು ಇವರಿಗೆ. 48 ಗಂಟೆಯ ಸಿಕ್ಯೂ ವರ್ಲ್ಡ್‌ವೈಡ್‌ನಂಥ ಕಾಂಟೆಸ್ಟಿನಲ್ಲಿ ಒಂದೇ ಕೀಯನ್ನು ಸಾವಿರಾರು ಸಲ ಒತ್ತುವವರು ಇವರು. ಮುಂದಿನ ಸಲ ಕೂತಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಯಾವ ಕೀ ಹುಡುಕಲು ಕಣ್ಣು ಕೆಳಗೆ ಇಳಿಯಿತು, ಅದನ್ನು ಗುರುತು ಹಾಕಿ. ಆ ಹಾಳೆ ಕೈಯಲ್ಲಿದ್ದರೆ ಜಾಹೀರಾತಿನ ಮಾತು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ಹಂತ 2: ಫಂಕ್ಷನ್ ಕೀ ಸಾಲನ್ನು ಪರೀಕ್ಷೆ ಮಾಡಿ

ಕಾಂಟೆಸ್ಟಿನ ಸಂಪರ್ಕಗಳನ್ನು ದಾಖಲಿಸುವ ಎನ್1ಎಂಎಂ ಲಾಗರ್ ಪ್ಲಸ್ ಸಾಫ್ಟ್‌ವೇರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಎಫ್1 ಒತ್ತಿದರೆ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ), ಎಫ್2 ಎಕ್ಸ್‌ಚೇಂಜ್ (ಕಾಂಟೆಸ್ಟಿನಲ್ಲಿ ಪರಸ್ಪರ ಕೊಡುವ ಮಾಹಿತಿ), ಎಫ್3 ಥ್ಯಾಂಕ್ಯೂ, ಎಫ್4 ನಿಮ್ಮ ಕಾಲ್‌ಸೈನ್, ಎಫ್5 ಅವರ ಕಾಲ್‌ಸೈನ್. ಬೇರೆ ಲಾಗಿಂಗ್ ಸಾಫ್ಟ್‌ವೇರ್‌ಗಳಲ್ಲೂ ಫಂಕ್ಷನ್ ಕೀಗಳಿಗೆ ಇಂಥದ್ದೇ ಕೆಲಸ ಇರುತ್ತದೆ. ಎಂಟರ್ ಒಂದರಲ್ಲೇ ಎಲ್ಲ ಮೆಸೇಜ್ ಸರದಿಯಂತೆ ಕಳಿಸುವ ವ್ಯವಸ್ಥೆ ಇದ್ದರೂ, ಪೈಲ್‌ಅಪ್ (ಹಲವರು ಒಟ್ಟಿಗೆ ಕರೆಯುವುದು) ಗಜಿಬಿಜಿಯಾದ ಕೂಡಲೇ ಕೈ ಎಫ್4, ಎಫ್5 ಕಡೆಗೇ ಹೋಗುವುದು.

ಮೊದಲು ಬೇಕಾದದ್ದು, ಆ ಸಾಲು ನಿಜವಾಗಿ ಇರಬೇಕು. 60 ಪರ್ಸೆಂಟ್ ಅಂತ ಕರೆಯುವ ಪುಟ್ಟ ಕೀಬೋರ್ಡ್‌ಗಳಲ್ಲಿ ಫಂಕ್ಷನ್ ಸಾಲೇ ಇಲ್ಲ. ಎಫ್‌ಎನ್ ಹಿಡಿದು 1 ಒತ್ತಿದರೆ ಎಫ್1. ನೋಡಲು ಮುದ್ದಾಗಿವೆ, ಆದರೆ ಆಪರೇಟಿಂಗ್‌ಗೆ ಬೇಡ. ಎಸ್ಕೇಪ್ ಕೂಡ ಕೆಲವದರಲ್ಲಿ ಇನ್ನೊಂದು ಚಿಹ್ನೆಯ ಜೊತೆ ಕೀ ಹಂಚಿಕೊಂಡಿರುತ್ತದೆ. ಟ್ರಾನ್ಸ್‌ಮಿಟ್ ನಿಲ್ಲಿಸುವ ಕೀ ಅದು. ಮೂಲೆಯಲ್ಲಿ ಒಂಟಿಯಾಗಿ, ನೋಡದೆ ಬಡಿದರೂ ತಾಗುವಂತೆ ಇರಬೇಕು.

ಎರಡನೆಯದು ಸಂದು. ಹಳೇ ದೊಡ್ಡ ಕೀಬೋರ್ಡ್‌ಗಳಲ್ಲಿ ಎಫ್1ರಿಂದ ಎಫ್4, ಎಫ್5ರಿಂದ ಎಫ್8, ಎಫ್9ರಿಂದ ಎಫ್12 ಹೀಗೆ ನಾಲ್ಕು ನಾಲ್ಕಾಗಿ ಬಿಡಿಸಿರುತ್ತಾರೆ. ಬೆರಳಿಗೆ ಆ ಸಂದು ಸಿಕ್ಕಿದರೆ ಎಡಕ್ಕೆ ಎಫ್4, ಬಲಕ್ಕೆ ಎಫ್5 ಅಂತ ಕತ್ತಲಲ್ಲೂ ಗೊತ್ತಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮತ್ತು ಬಹಳಷ್ಟು 75 ಪರ್ಸೆಂಟ್ ಕೀಬೋರ್ಡ್‌ಗಳಲ್ಲಿ ಹನ್ನೆರಡೂ ಒಂದೇ ಉದ್ದಕ್ಕೆ ಅಂಟಿಕೊಂಡಿರುತ್ತವೆ. ಅಂಥದ್ದು ಈಗಾಗಲೇ ನಿಮ್ಮ ಬಳಿ ಇದ್ದರೆ ಎಸೆಯಬೇಡಿ. ಕಪಾಟಿನ ಬಾಗಿಲಿಗೆ ಅಂಟಿಸುವ ಪುಟ್ಟ ರಬ್ಬರ್ ಬೊಟ್ಟು ಸಿಗುತ್ತದಲ್ಲ, ಅದನ್ನು ಎಫ್1 ಮತ್ತು ಎಫ್5 ಮೇಲೆ ಒಂದೊಂದು ಅಂಟಿಸಿ. ಎಫ್ ಮತ್ತು ಜೆ ಅಕ್ಷರಗಳ ಮೇಲೆ ಇರುವ ಗೆರೆಯಷ್ಟೇ ಸಹಾಯ ಇದರಿಂದ ಆಗುತ್ತದೆ.

ಮೂರನೆಯದನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ: ಎಫ್1 ಒತ್ತಿದರೆ ಎಫ್1 ಬರುತ್ತದೋ, ಸೌಂಡ್ ಕಡಿಮೆ ಆಗುತ್ತದೋ? ಈಗಿನ ಅನೇಕ ಕೀಬೋರ್ಡ್‌ಗಳಲ್ಲಿ ಮೇಲಿನ ಸಾಲು ಹುಟ್ಟಿನಿಂದಲೇ ಮೀಡಿಯಾ ಕೀ. ಎಫ್‌ಎನ್ ಲಾಕ್ ಇದ್ದರೆ ಸರಿ. ಆ ಲಾಕ್ ಪ್ಲಗ್ ತೆಗೆದು ಹಾಕಿದ ಮೇಲೂ ನೆನಪಿರುತ್ತದೆಯೇ ಅಂತಲೂ ನೋಡಿ. ಡಿಜಿಟಲ್ ಮೋಡ್ ನಡೆಯುವಾಗ ಸೌಂಡ್ ಲೆವೆಲ್ ಆಚೀಚೆ ಆದರೆ ನಿಮ್ಮ ಸಿಗ್ನಲ್ಲೇ ಕೆಡುತ್ತದೆ.

ಇನ್ನು ಅಂಚಿನ ಉಳಿದ ಕೀಗಳು. ಎನ್1ಎಂಎಂನಲ್ಲಿ ಮೋರ್ಸ್ ವೇಗ ಹೆಚ್ಚು ಕಡಿಮೆ ಮಾಡುವುದು ಪೇಜ್ ಅಪ್, ಪೇಜ್ ಡೌನ್. ಇನ್ಸರ್ಟ್ ಒತ್ತಿದರೆ ಎದುರಿನವರ ಕಾಲ್ ಮತ್ತು ಎಕ್ಸ್‌ಚೇಂಜ್ ಒಟ್ಟಿಗೆ ಹೋಗುತ್ತದೆ, ಪ್ಲಸ್ ಒತ್ತಿದರೆ ಥ್ಯಾಂಕ್ಯೂ ಹೋಗಿ ಲಾಗ್ ಆಗುತ್ತದೆ. ಇನ್ಸರ್ಟ್ ಬದಲು ಸೆಮಿಕೋಲನ್, ಪ್ಲಸ್ ಬದಲು ಅಪಾಸ್ಟ್ರಫಿ ಕೂಡ ನಡೆಯುತ್ತದೆ. ಎರಡೂ ಬಲಗೈ ಕಿರುಬೆರಳಿನ ಪಕ್ಕದಲ್ಲೇ ಇವೆ. ಇದು ಗೊತ್ತಿದ್ದರೆ ಬಲಗಡೆಯ ನಂಬರ್ ಪ್ಯಾಡ್ ಬಿಟ್ಟುಕೊಡುವ ಧೈರ್ಯ ಬರುತ್ತದೆ.

ಓರೆಗೆರೆ ಕೀ ಮರೆಯಬೇಡಿ. ಪೋರ್ಟಬಲ್ ಸ್ಟೇಷನ್ನಿನ ಕಾಲ್‌ಸೈನ್ ಕೊನೆಗೆ /ಪಿ, ವಾಹನದಲ್ಲಿದ್ದರೆ /ಎಂ ಬರುತ್ತದಲ್ವಾ? ಅಮೆರಿಕನ್ ವಿನ್ಯಾಸದಲ್ಲಿ ಅದಕ್ಕೆ ಶಿಫ್ಟ್ ಬೇಡ. ಜರ್ಮನ್ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 7 ಒತ್ತಬೇಕು. ಬೇರೆ ದೇಶದ ವಿನ್ಯಾಸದ ಕೀಬೋರ್ಡ್ ಕಡಿಮೆ ಬೆಲೆಗೆ ಕಂಡರೆ ಮೊದಲು ಈ ಕೀ ಎಲ್ಲಿದೆ ನೋಡಿ.

ಹಂತ 3: ಅಗಲ ಅಳೆಯಿರಿ

ಪೂರ್ತಿ ಗಾತ್ರದ ಕೀಬೋರ್ಡ್‌ಗೆ 104 ಕೀ, ನಂಬರ್ ಪ್ಯಾಡ್ ಇಲ್ಲದ್ದಕ್ಕೆ 87. ನಂಬರ್ ಪ್ಯಾಡ್ ಇದ್ದರೆ ಮೌಸ್ ಅಷ್ಟು ದೂರ ಹೋಗುತ್ತದೆ. ಬಲಗೈ ಮೌಸ್‌ಗಾಗಿ ಹೊರಕ್ಕೆ ಚಾಚಿಕೊಂಡೇ ಇದ್ದರೆ ಮಧ್ಯರಾತ್ರಿ ಹೊತ್ತಿಗೆ ಭುಜ ಹಿಡಿದುಕೊಳ್ಳುತ್ತದೆ. ಹ್ಯಾಮ್ ಮೇಜಿನಲ್ಲಿ ಮೌಸ್ ಜೊತೆಗೆ ಮೋರ್ಸ್ ಕಳಿಸುವ ಪ್ಯಾಡಲ್ ಒಂದು ಇರುತ್ತದೆ, ರೇಡಿಯೋ ನಾಬ್ ಇರುತ್ತದೆ. ಎಲ್ಲಕ್ಕೂ ಬಲಗೈಯೇ. ಅದಕ್ಕೇ 87 ಕೀಯದ್ದು ಬಹಳಷ್ಟು ಜನರಿಗೆ ಸರಿಯಾದ ಅಳತೆ ಅಂತ ನನ್ನ ಅಭಿಪ್ರಾಯ. ಫಂಕ್ಷನ್ ಸಾಲು, ಇನ್ಸರ್ಟ್, ಪೇಜ್ ಅಪ್ ಎಲ್ಲ ಉಳಿಯುತ್ತದೆ, ಅಗಲ ಮಾತ್ರ ಇಳಿಯುತ್ತದೆ. ಸೀರಿಯಲ್ ನಂಬರ್ ಕೊಡುವ ಕಾಂಟೆಸ್ಟ್‌ನಲ್ಲಿ ನಂಬರ್ ಪ್ಯಾಡ್ ಬೇಕೇ ಬೇಕು ಅನ್ನುವವರು ಬಿಡಿ ನಂಬರ್ ಪ್ಯಾಡ್ ತಂದು ಎಡಗಡೆ ಇಟ್ಟುಕೊಳ್ಳಬಹುದು.

ಅಗಲದಷ್ಟೇ ಆಳವೂ ಮುಖ್ಯ. ರೇಡಿಯೋ ಮುಂದೆ ಕೀಬೋರ್ಡ್ ಇಡುವವರು ಅದರ ಮೇಲಿಂದ ಕೈ ದಾಟಿಸಿ ನಾಬ್ ತಿರುಗಿಸುತ್ತಾರೆ. ಹಿಂದೆ ಮೀಡಿಯಾ ಬಟನ್‌ಗಳ ಪಟ್ಟಿ, ಮುಂದೆ ಅಂಟಿಕೊಂಡ ಮಣಿಕಟ್ಟಿನ ಪ್ಯಾಡ್ ಇರುವ ಕೀಬೋರ್ಡ್ ರೇಡಿಯೋವನ್ನು ಒಂದು ಗೇಣು ಹಿಂದಕ್ಕೆ ತಳ್ಳುತ್ತದೆ. ಪೇಪರ್ ಕತ್ತರಿಸಿ ಮೇಜಿನ ಮೇಲೆ ಇಟ್ಟು ನೋಡಿ, ಎರಡು ನಿಮಿಷದ ಕೆಲಸ.

ಎರಡು ಭಾಗವಾಗಿ ಬಿಡಿಸಿಡುವ ಸ್ಪ್ಲಿಟ್ ಕೀಬೋರ್ಡ್ ಭುಜಕ್ಕೆ ನಿಜಕ್ಕೂ ಹಿತ. ನಡುವಿನ ಜಾಗದಲ್ಲಿ ಪ್ಯಾಡಲ್ ಇಡಬಹುದು ಅನ್ನುವುದು ನಮಗೆ ಸಿಗುವ ಲಾಭ. ಆದರೆ ಪುಟ್ಟ ಸ್ಪ್ಲಿಟ್‌ಗಳಲ್ಲಿ ಫಂಕ್ಷನ್ ಸಾಲು ಇರುವುದಿಲ್ಲ. ಇದ್ದದ್ದನ್ನೇ ಆರಿಸಿ. ಕೈಗೆ ಒಗ್ಗಲು ಕೆಲವು ವಾರ ಬೇಕು, ದೊಡ್ಡ ಕಾಂಟೆಸ್ಟಿನ ಹಿಂದಿನ ದಿನ ಶುರು ಮಾಡಬೇಡಿ.

ಹಂತ 4: ಒತ್ತುವ ಹದ ಮತ್ತು ಸದ್ದು

ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಒಂದೊಂದು ಸ್ವಿಚ್. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್‌ಗಳ ಲೆಕ್ಕ ಹಿಡಿದರೆ, ಕೆಂಪು ಸ್ವಿಚ್‌ಗೆ 45 ಸೆಂಟಿನ್ಯೂಟನ್ ಬಲ ಸಾಕು, ಅಂದರೆ ಸುಮಾರು 46 ಗ್ರಾಂ ಭಾರ. ನಯವಾಗಿ ಇಳಿಯುತ್ತದೆ. ಕಂದು 55, ನಡುವೆ ಒಂದು ಸಣ್ಣ ತಡೆ ಬೆರಳಿಗೆ ತಿಳಿಯುತ್ತದೆ. ನೀಲಿ 60, ತಡೆಯ ಜೊತೆ ಟಿಕ್ ಅಂತ ಸದ್ದು. ಮೂರರಲ್ಲೂ ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಸುಮಾರು ಅರ್ಧ ದಾರಿಯಲ್ಲೇ ಕೆಲಸ ಆಗಿಬಿಟ್ಟಿರುತ್ತದೆ.

ಹಗುರ ಇದ್ದಷ್ಟೂ ಹಿತ ಅಂತ ಅನಿಸಬಹುದು. ಟೈಪಿಂಗ್‌ಗೆ ಅದು ಸರಿ. ನಮ್ಮಲ್ಲಿ ಒಂದು ತೊಡಕಿದೆ. ಕೇಳುತ್ತಾ ಕೂತಾಗ ಬೆರಳು ಎಫ್1 ಮೇಲೆ ಒರಗಿರುತ್ತದೆ. ಕೀ ತೀರಾ ಹಗುರ ಇದ್ದರೆ ಬೆರಳಿನ ಭಾರಕ್ಕೇ ಸಿಕ್ಯೂ ಹೊರಟುಬಿಡುತ್ತದೆ, ಅದೂ ಯಾರೋ ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲಿ. ಹಾಗಾಗಿ ಕಂದು ತರದ, ತಡೆ ಇರುವ ಸ್ವಿಚ್ ನನ್ನ ಮೊದಲ ಆಯ್ಕೆ. ಸ್ವಿಚ್ ಕಿತ್ತು ಬದಲಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು: ಅಕ್ಷರಗಳಿಗೆ ಹಗುರದ್ದು, ಫಂಕ್ಷನ್ ಸಾಲಿಗೆ ಬಿಗಿಯದ್ದು ಹಾಕಬಹುದು.

ರಬ್ಬರ್ ಡೋಮ್ ಇರುವ ಸಾದಾ ಕೀಬೋರ್ಡ್ ಕೀಳೇನಲ್ಲ. ಸದ್ದು ಕಡಿಮೆ, ಹಾಳಾದರೆ ಬದಲಿಸಲು ಮನಸ್ಸು ಹಿಂಜರಿಯುವುದಿಲ್ಲ. ಆದರೆ ಕೀ ತಳ ಮುಟ್ಟುವವರೆಗೂ ಒತ್ತಬೇಕು, ದೀರ್ಘ ಕಾಂಟೆಸ್ಟಿನಲ್ಲಿ ಬೆರಳ ತುದಿ ಸೋಲುತ್ತದೆ. ಇನ್ನೊಂದು ತುದಿಯಲ್ಲಿ 1985ರ ಐಬಿಎಂ ಮಾಡೆಲ್ ಎಂ ಇದೆ. ಸ್ಪ್ರಿಂಗ್ ಬಾಗಿ ಸಿಡಿಯುವ ಆ ಕೀಗಳನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಮನೆಯಲ್ಲಿ ಬೇರೆಯವರು ಮಲಗಿದ್ದರೆ ಮಾತ್ರ ಅದನ್ನು ಮುಟ್ಟಬೇಡಿ.

ಸದ್ದಿನ ಪ್ರಶ್ನೆ ಮೋರ್ಸ್‌ನವರಿಗೆ ಅಷ್ಟಿಲ್ಲ, ಹೆಡ್‌ಫೋನ್ ಕಿವಿ ಮುಚ್ಚಿರುತ್ತದೆ. ಎಸ್‌ಎಸ್‌ಬಿಯವರಿಗೆ, ಅಂದರೆ ಮೈಕ್‌ನಲ್ಲಿ ಮಾತಾಡುವವರಿಗೆ, ಇದೆ. ಮೇಜಿನ ಮೇಲಿನ ಮೈಕ್ ಕೀಬೋರ್ಡಿನ ಸದ್ದನ್ನು ಗಾಳಿಯಿಂದಲೂ ಹಿಡಿಯುತ್ತದೆ, ಹಲಗೆಯ ಮೂಲಕವೂ ಹಿಡಿಯುತ್ತದೆ. ವಾಕ್ಸ್ (ಸದ್ದು ಕೇಳಿದೊಡನೆ ತಾನೇ ಟ್ರಾನ್ಸ್‌ಮಿಟ್ ಮಾಡುವ ಸೌಲಭ್ಯ) ಹಾಕಿದ್ದರೆ ಎಂಟರ್ ಬಡಿದಾಗೆಲ್ಲ ರೇಡಿಯೋ ಟ್ರಾನ್ಸ್‌ಮಿಟ್‌ಗೆ ಹೋಗುತ್ತದೆ. ಹೆಡ್‌ಸೆಟ್ ಮೈಕ್, ಟ್ರಾನ್ಸ್‌ಮಿಟ್ ಮಾಡಲು ಒತ್ತುವ ಕಾಲಿನ ಪಿಟಿಟಿ ಪೆಡಲ್, ಕೀಬೋರ್ಡ್ ಕೆಳಗೆ ಒಂದು ದಪ್ಪ ಫೋಮ್ ಮ್ಯಾಟ್, ಇವಿಷ್ಟಿದ್ದರೆ ಬಹಳಷ್ಟು ತಣ್ಣಗಾಗುತ್ತದೆ.

ಹಂತ 5: ಎತ್ತರ

ಇದು ಚಿಕ್ಕ ವಿಷಯ, ಆದರೆ ಎಲ್ಲರೂ ಇದರಲ್ಲೇ ಎಡವುತ್ತಾರೆ. ಕೀಬೋರ್ಡಿನ ಹಿಂದಿನ ಮಡಚುವ ಕಾಲುಗಳನ್ನು ಮಡಚಿಯೇ ಇಡಿ. ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮೊಣಕೈ ಸುಮಾರು ಲಂಬಕೋನದಲ್ಲಿ, ಮುಂಗೈ ನೇರ, ಭುಜ ಸಡಿಲ. ಮೇಜು ಎತ್ತರ ಇದ್ದರೆ ಕುರ್ಚಿ ಏರಿಸಿ ಕಾಲಿಗೆ ಮಣೆ ಕೊಡಿ. ಮಣಿಕಟ್ಟಿನ ಪ್ಯಾಡ್ ಇರುವುದು ಕೇಳುವಾಗ ಕೈ ಒರಗಿಸಲು. ಟೈಪ್ ಮಾಡುವಾಗ ಕೈ ಅದರ ಮೇಲೆ ಊರಿರಬಾರದು.

ಹಂತ 6: ಆರ್‌ಎಫ್ ಪರೀಕ್ಷೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿ ಇದ್ದೂ, ಟ್ರಾನ್ಸ್‌ಮಿಟ್ ಮಾಡಿದ ಕೂಡಲೇ ಕೀಬೋರ್ಡ್ ಸತ್ತುಹೋದರೆ ಏನು ಪ್ರಯೋಜನ? ಯುಎಸ್‌ಬಿ ವೈರು ಆಂಟೆನಾದಂತೆ ನಿಮ್ಮದೇ ಸಿಗ್ನಲ್ ಹಿಡಿಯುತ್ತದೆ. ಆಗ ತಾನಾಗಿ ಅಕ್ಷರ ಬೀಳುತ್ತವೆ, ಕಂಪ್ಯೂಟರ್ ಪ್ಲಗ್ ಕಿತ್ತ ಸದ್ದು ಮಾಡುತ್ತದೆ, ಅಥವಾ ಕೀಬೋರ್ಡ್ ಮರಗಟ್ಟುತ್ತದೆ. ಕೊನೆಯದ್ದೇ ಅಪಾಯ. ಸಾಫ್ಟ್‌ವೇರ್ ಟ್ರಾನ್ಸ್‌ಮಿಟ್ ಮಾಡುತ್ತಲೇ ಇದೆ, ನಿಲ್ಲಿಸುವ ಎಸ್ಕೇಪ್ ಕೆಲಸ ಮಾಡುತ್ತಿಲ್ಲ. ಅದಕ್ಕೇ ರೇಡಿಯೋದ ಟೈಮ್ ಔಟ್ ಟೈಮರ್ ಇದ್ದರೆ ಯಾವಾಗಲೂ ಹಾಕಿರಿ, ಪರೀಕ್ಷೆಯ ಹೊತ್ತಿನಲ್ಲಿ ಪವರ್ ಸ್ವಿಚ್ ಹತ್ತಿರ ಕೈ ಇರಲಿ.

ಪರೀಕ್ಷೆ ಹೀಗೆ ಮಾಡಿ. ಖಾಲಿ ಟೆಕ್ಸ್ಟ್ ಫೈಲ್ ತೆರೆಯಿರಿ. ರೇಡಿಯೋವನ್ನು ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಪವರ್ ಹೀರುವ ಉಪಕರಣ) ಸಿಕ್ಕಿಸಿ, ಕಡಿಮೆ ಪವರ್‌ನಿಂದ ಶುರು ಮಾಡಿ ಪೂರ್ತಿ ಪವರ್‌ವರೆಗೆ ಹೋಗಿ. ಒಂದೊಂದು ಬ್ಯಾಂಡಿನಲ್ಲೂ ಕೀ ಒತ್ತುತ್ತಾ ನೋಡಿ. ಆಮೇಲೆ ಖಾಲಿ ಫ್ರೀಕ್ವೆನ್ಸಿ ನೋಡಿಕೊಂಡು, ಕಾಲ್‌ಸೈನ್ ಹೇಳಿ, ಆಂಟೆನಾದಲ್ಲಿ ಅದನ್ನೇ ಚುಟುಕಾಗಿ ಮಾಡಿ. ಡಮ್ಮಿ ಲೋಡ್‌ನಲ್ಲೇ ತೊಂದರೆ ಬಂದರೆ ಆರ್‌ಎಫ್ ಬರುತ್ತಿರುವುದು ರೇಡಿಯೋ ಮತ್ತು ಕಂಪ್ಯೂಟರ್ ನಡುವಿನ ಕೇಬಲ್‌ಗಳಿಂದ. ಆಂಟೆನಾದಲ್ಲಿ ಮಾತ್ರ ಬಂದರೆ ಆಂಟೆನಾ ತೀರಾ ಹತ್ತಿರ ಇದೆ, ಇಲ್ಲವೇ ಫೀಡ್‌ಲೈನ್ (ಆಂಟೆನಾ ಕೇಬಲ್) ಹೊರಮೈಯಲ್ಲಿ ಕರೆಂಟ್ ಒಳಗೆ ಬರುತ್ತಿದೆ. ಎಂಡ್‌ಫೆಡ್ (ಒಂದು ತುದಿಯಲ್ಲಿ ಕೇಬಲ್ ಸೇರುವ) ಆಂಟೆನಾ ಬಳಸುವವರು ಈ ಎರಡನೆಯದನ್ನೇ ಮೊದಲು ಅನುಮಾನಿಸಿ. ಫೀಡ್‌ಪಾಯಿಂಟಿನಲ್ಲಿ, ಅಂದರೆ ಕೇಬಲ್ ಆಂಟೆನಾಗೆ ಸೇರುವಲ್ಲಿ, ಆ ಕರೆಂಟ್ ತಡೆಯುವ ಚೋಕ್ ಹಾಕಿದರೆ ಕೀಬೋರ್ಡ್ ಬದಲಿಸದೆಯೇ ಸಮಸ್ಯೆ ಹೋಗಬಹುದು.

ಕೀಬೋರ್ಡ್ ವೈರಿಗೆ ಫೆರೈಟ್ (ಆರ್‌ಎಫ್ ತಡೆಯುವ ಕಾಂತೀಯ ತುಂಡು) ಹಾಕುವಾಗ ಒಂದು ಮಾತು. ಕ್ಲಿಪ್ ತರದ ಫೆರೈಟ್ ಒಂದನ್ನು ಸಿಕ್ಕಿಸಿ ಸುಮ್ಮನಾದರೆ ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) ಅಷ್ಟೇನೂ ಆಗುವುದಿಲ್ಲ. ಸುತ್ತು ಬೇಕು. ತಡೆಯುವ ಶಕ್ತಿ ಸುಮಾರಾಗಿ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಮೂರು ಸುತ್ತಿಗೆ ಒಂಬತ್ತು ಪಟ್ಟು. 31 ನಂಬರ್ ಮಿಕ್ಸ್‌ನ (ಫೆರೈಟ್ ವಸ್ತುವಿನ ಒಂದು ಬಗೆ) 2.4 ಇಂಚಿನ ರಿಂಗ್ ತಂದರೆ ಯುಎಸ್‌ಬಿ ಪ್ಲಗ್ ಸರಾಗವಾಗಿ ಒಳಗೆ ತೂರುತ್ತದೆ. ಐದಾರು ಸುತ್ತು ಹಾಕಿ. ಇದಕ್ಕೆ ವೈರು ಸ್ವಲ್ಪ ಉದ್ದ ಇರಬೇಕು. ಕೇಬಲ್ ಬಿಚ್ಚಿ ಬದಲಿಸಬಹುದಾದ ಕೀಬೋರ್ಡ್ ಆರಿಸಿ ಅನ್ನುವುದು ಇದೇ ಕಾರಣಕ್ಕೆ: ಒಳ್ಳೆ ಶೀಲ್ಡ್ ಇರುವ ಕೇಬಲ್ ಹಾಕಿಕೊಳ್ಳಬಹುದು.

ಇನ್ನೊಂದು ದಿಕ್ಕೂ ಇದೆ. ಕೀಬೋರ್ಡಿನ ಒಳಗೂ ಒಂದು ಪುಟ್ಟ ಪ್ರೊಸೆಸರ್ ಇದೆ, ಬಣ್ಣದ ದೀಪಗಳಿದ್ದರೆ ಅವನ್ನು ಪಟಪಟನೆ ಆರಿಸಿ ಹೊತ್ತಿಸುವ ಸರ್ಕ್ಯೂಟ್ ಇದೆ. ಇವು ರಿಸೀವರ್‌ಗೆ ಗದ್ದಲ ತುಂಬಬಲ್ಲವು. ಖಾಲಿ ಬ್ಯಾಂಡ್ ಕೇಳುತ್ತಾ, ವಾಟರ್‌ಫಾಲ್ ನೋಡುತ್ತಾ ಪ್ಲಗ್ ಕಿತ್ತುಬಿಡಿ. ನೆಟ್ಟಗೆ ನಿಂತಿದ್ದ ಗೆರೆ ಅದೇ ಕ್ಷಣ ಮಾಯವಾದರೆ ಕಳ್ಳ ಸಿಕ್ಕ. ಮತ್ತೆ ಸಿಕ್ಕಿಸಿ ದೀಪ ಪೂರ್ತಿ ಆರಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಂತ 7: ವೈರ್‌ಲೆಸ್ ಬೇಕಾ?

ವೈರೇ ಇಲ್ಲದಿದ್ದರೆ ಆರ್‌ಎಫ್ ಹಿಡಿಯುವ ದಾರಿ ಒಂದು ಕಡಿಮೆ ಆಯಿತು, ನಿಜ. ಈಗಿನವು 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತವೆ, ಎಚ್‌ಎಫ್ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಹಳೆಯ ಕೆಲವು ಮಾತ್ರ 27 ಮೆಗಾಹರ್ಟ್ಸ್‌ನವು, ಹತ್ತು ಮೀಟರ್ ಬ್ಯಾಂಡಿನ ಪಕ್ಕದಲ್ಲೇ. ಅವನ್ನು ಶ್ಯಾಕ್ (ರೇಡಿಯೋ ಕೋಣೆ) ಒಳಗೆ ತರಬೇಡಿ. ಯುಎಸ್‌ಬಿ 3 ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್‌ಗೂ ತಾಗುತ್ತದೆ, ಹಾಗಾಗಿ ಡಾಂಗಲ್ ಅನ್ನು ಯುಎಸ್‌ಬಿ 2 ಪೋರ್ಟಿಗೆ ಹಾಕಿ, ಇಲ್ಲವೇ ಚಿಕ್ಕ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ಇಡಿ.

ನನಗೆ ವೈರ್‌ಲೆಸ್ ಹಿಡಿಸದಿರಲು ಕಾರಣ ಬೇರೆ. ಬ್ಯಾಟರಿ ಉಳಿಸಲು ಅವು ನಿದ್ದೆಗೆ ಜಾರುತ್ತವೆ. ಹೊತ್ತು ಕಾದು ಕೊನೆಗೆ ಅಪರೂಪದ ಸ್ಟೇಷನ್ ಸಿಕ್ಕಾಗ, ಕೀಬೋರ್ಡ್ ಏಳುವಷ್ಟರಲ್ಲಿ ಕಾಲ್‌ಸೈನ್‌ನ ಮೊದಲ ಅಕ್ಷರ ನುಂಗಿಹೋಗಿರುತ್ತದೆ. ಕೊಳ್ಳಲೇಬೇಕೆಂದಿದ್ದರೆ ವೈರಿನಲ್ಲೂ ನಡೆಯುವಂಥದ್ದು ಕೊಳ್ಳಿ.

ಹಂತ 8: ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ

ಮನೆಗೆ ತಂದ ಮೇಲೆ ಕಥೆ ಟೈಪ್ ಮಾಡಿ ನೋಡಬೇಡಿ. ನಿಮ್ಮ ಹಳೇ ಲಾಗ್‌ನಿಂದ ಕಾಲ್‌ಸೈನ್‌ಗಳನ್ನು ತೆಗೆದುಕೊಂಡು ಅವನ್ನೇ ಹೊಡೆಯಿರಿ, ಅಕ್ಷರ ಅಂಕಿ ಬೆರೆತದ್ದು, ಓರೆಗೆರೆ ಇರುವುದು. ಮೋರ್ಸ್ ಅಭ್ಯಾಸದ ಪ್ರೋಗ್ರಾಂ ಇದ್ದರೆ ಕೇಳುತ್ತಾ ಹೊಡೆಯಿರಿ. ಅಂಕಿ ಸಾಲಿಗೆ ಬೆರಳು ನೋಡದೆ ಏರುತ್ತದೆಯೇ? ಸೊನ್ನೆ ಬೇಕಾದಲ್ಲಿ ಓ ಅಕ್ಷರ ಬೀಳುತ್ತಿದೆಯೇ? ಎಡಗೈ ಒಂದರಲ್ಲೇ ಆಲ್ಟ್ ಮತ್ತು ಡಬ್ಲ್ಯು ಒತ್ತಲು ಬರುತ್ತದೆಯೇ? ಎನ್1ಎಂಎಂನಲ್ಲಿ ಬರೆದದ್ದನ್ನು ಅಳಿಸುವುದು ಅದೇ ಜೋಡಿ, ಬಲಗೈ ನಾಬ್ ಮೇಲಿರುವಾಗಲೇ ಅದು ಬೇಕಾಗುವುದು. ಮಬ್ಬು ಬೆಳಕಿನಲ್ಲೂ ಒಮ್ಮೆ ಕೂತು ನೋಡಿ. ಕೀ ಮೇಲಿನ ಬರಹ ಒಳಗಿನ ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿದ್ದರೆ ಅಳಿಸುವುದಿಲ್ಲ, ಸ್ಟಿಕ್ಕರ್ ತರದ್ದಾದರೆ ಮೊದಲು ಹೋಗುವುದೇ ಎಫ್1.

ಇಷ್ಟವಾದ ಮೇಲೆ, ಕಪಾಟಿನಲ್ಲಿ ಒಂದು ಸಾದಾ ತಂತಿ ಕೀಬೋರ್ಡ್ ಇಟ್ಟಿರಿ. ಕಾಂಟೆಸ್ಟ್ ನಡುವೆ ಚಹಾ ಚೆಲ್ಲಿದರೆ ಅದನ್ನು ಸಿಕ್ಕಿಸಿ ಮುಂದಿನ ಸಿಕ್ಯೂ ಒತ್ತಬಹುದು. ಅದಕ್ಕೂ ಎಫ್1, ಎಫ್5 ಮೇಲೆ ರಬ್ಬರ್ ಬೊಟ್ಟು ಈಗಲೇ ಅಂಟಿಸಿಡಿ.